ಭೋಸರಿಯ ಶೆಡ್ಡಿನಲ್ಲಿ ಬಿಚ್ಚಿದ ರೋಟರಿ ಎಂಜಿನ್: ನನ್ನ ಅನುಭವ

ಮಜ್ದಾ ಕಂಪನಿಯು ಆರ್‌ಎಕ್ಸ್-8 ಕಾರಿನ ತಯಾರಿಕೆಯನ್ನು 2012ರಲ್ಲಿ ನಿಲ್ಲಿಸಿದ ಮೇಲೆ, ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರು ಸುತ್ತುವ ರೋಟರಿ ಎಂಜಿನ್ನೇ ಚಕ್ರಗಳನ್ನು ನೇರವಾಗಿ ತಿರುಗಿಸುವ ಕಾರು ಯಾವ ದೊಡ್ಡ ಕಂಪನಿಯಿಂದಲೂ ಮಾರಾಟಕ್ಕೆ ಬಂದಿಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತಿತ್ತು, ಆಯಿಲ್ ಸುಡುತ್ತಿತ್ತು, ಹೊಗೆಯ ನಿಯಮಗಳಿಗೆ ಒಗ್ಗಲಿಲ್ಲ ಎಂಬ ಮೂರು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಮೂರೂ ನಿಜ. ಆದರೆ ಮೂರಕ್ಕೂ ಬೇರು ಒಂದೇ ಎಂಬುದು ನನಗೆ ಮನದಟ್ಟಾದದ್ದು, ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಶೆಡ್ಡಿನಲ್ಲಿ ಅಂಥದೊಂದು ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸೀಲುಗಳನ್ನು ಬದಲಿಸಿ, ಮತ್ತೆ ಜೋಡಿಸಿದಾಗ.

ಕಾರು ಮುಂಬಯಿಯ ಚೆಂಬೂರಿನಲ್ಲಿರುವ ಕನ್ನಡಿಗರೊಬ್ಬರದು. ಮಜ್ದಾ ನಮ್ಮ ದೇಶದಲ್ಲಿ ಕಾರುಗಳನ್ನು ಮಾರಲಿಲ್ಲ. ಹೆಸರು ಇಲ್ಲಿ ಪರಿಚಿತವಾದದ್ದು ಸ್ವರಾಜ್ ಮಜ್ದಾ ಲಾರಿ-ಬಸ್ಸುಗಳಿಂದ. ಹೀಗಾಗಿ ಹೊರದೇಶದಿಂದ ತರಿಸಿಕೊಂಡ ಕೆಲವೇ ಆರ್‌ಎಕ್ಸ್-8ಗಳಲ್ಲಿ ಇದೂ ಒಂದು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುವ ಗಾಡಿ, ಬಿಸಿಯಾದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಅಲ್ಲಿಯ ಗ್ಯಾರೇಜೊಂದರಲ್ಲಿ ಪ್ಲಗ್, ಕಾಯಿಲ್, ಬ್ಯಾಟರಿ ಎಲ್ಲವನ್ನೂ ಬದಲಿಸಿ ದುಡ್ಡು ತೆಗೆದುಕೊಂಡಿದ್ದರು, ಕಾಯಿಲೆ ಮಾತ್ರ ಹಾಗೆಯೇ ಉಳಿದಿತ್ತು. ರೋಟರಿ ಬಲ್ಲವರಿಗೆ ಈ ಲಕ್ಷಣವೊಂದೇ ಸಾಕು: ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿ ಏಳುವ ಒತ್ತಡ, ಇಳಿದಿದೆ.

ಕಂಪ್ರೆಷನ್ ಅಳೆಯುವುದೇ ಇಲ್ಲಿ ಬೇರೆ ರೀತಿ. ಪಿಸ್ಟನ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಒಂದು ಅಳತೆ ಸಿಕ್ಕರೆ ಮುಗಿಯಿತು. ಇಲ್ಲಿರುವ ಎರಡು ರೋಟರುಗಳಲ್ಲಿ ಒಂದೊಂದಕ್ಕೂ ಮೂರು ಮುಖಗಳಿರುವುದರಿಂದ ಮೂರು ಅಳತೆ ಬೇಕು. ಸಾಮಾನ್ಯ ಗೇಜಿನೊಳಗೆ ಗಾಳಿಯನ್ನು ಹಿಡಿದಿಡುವ ಪುಟ್ಟ ವಾಲ್ವನ್ನು ತೆಗೆದುಬಿಟ್ಟರೆ ಮುಳ್ಳು ಒಂದೇ ಕಡೆ ನಿಲ್ಲದೆ ಮೂರು ಸಲ ಕುಣಿಯುತ್ತದೆ, ಆ ಮೂರು ಕುಣಿತಗಳು ಸಮನಾಗಿವೆಯೇ ಎಂದು ಕಣ್ಣಲ್ಲೇ ನೋಡಬಹುದು. ರೋಗ ಇದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು, ನಿಖರ ಅಂಕಿಗೆ ರೋಟರಿಯದೇ ಟೆಸ್ಟರ್ ಬೇಕು. ಕಂಪನಿಯ ಲೆಕ್ಕದಲ್ಲಿ 250 ಆರ್‌ಪಿಎಂ ವೇಗದಲ್ಲಿ ಚದರ ಸೆಂಟಿಮೀಟರಿಗೆ 8.5 ಕೆಜಿ ಇರಬೇಕಾದದ್ದು 6.9 ಕೆಜಿಗಿಂತ ಕೆಳಗಿಳಿದರೆ ಎಂಜಿನ್ ತೆರೆಯಲೇಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅಂಕಿ ತುಸು ಕಡಿಮೆಯೇ ಬರುತ್ತದೆ. ಅದನ್ನು ಸರಿದೂಗಿಸಿ ನೋಡಿದರೂ ಹಿಂದಿನ ರೋಟರಿನ ಎರಡು ಮುಖಗಳು 6ರ ಹತ್ತಿರವೇ ಒದ್ದಾಡುತ್ತಿದ್ದವು.

ಎಂಜಿನ್ನನ್ನು ಸ್ಟ್ಯಾಂಡಿಗೆ ಏರಿಸಿ, ಉದ್ದುದ್ದ ಬೋಲ್ಟುಗಳನ್ನು ಬಿಚ್ಚಿ, ಹೋಳುಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಾಗ ನನ್ನ ಜೊತೆ ಕೆಲಸ ಮಾಡುವ ಇಂಡಿ ಕಡೆಯ ಹುಡುಗ ಕೇಳಿದ: "ಅಣ್ಣಾರ, ಇದಕ್ಕ ವಾಲ್ವೇ ಇಲ್ಲಲ್ರೀ?" ಇಲ್ಲ. ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಕನೆಕ್ಟಿಂಗ್ ರಾಡೂ ಇಲ್ಲ. ಒರಳಿನೊಳಗೆ ಗುಂಡು ತಾನೂ ಸುತ್ತುತ್ತ, ಒರಳಿನ ಗೋಡೆಯನ್ನೂ ಸುತ್ತಿಬರುವಂತೆ, ಮೂರು ಮೂಲೆಯ ರೋಟರು ಎಕ್ಸೆಂಟ್ರಿಕ್ (ನಡುಬಿಂದು ತಪ್ಪಿದ) ಶಾಫ್ಟಿನ ಮೇಲೆ ಕುಳಿತು ಹೌಸಿಂಗಿನ, ಅಂದರೆ ಹೊರಕವಚದ, ಒಳಗೋಡೆಯನ್ನು ಸವರಿಕೊಂಡು ಸುತ್ತುತ್ತದೆ. ರೋಟರು ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟು ಮೂರು ಸುತ್ತು ತಿರುಗಿರುತ್ತದೆ. ಮೀಟರಿನಲ್ಲಿ 9000 ಆರ್‌ಪಿಎಂ ಕಂಡರೂ ಒಳಗೆ ರೋಟರು ತಿರುಗುವುದು ಕೇವಲ 3000 ಆರ್‌ಪಿಎಂ. ಮೇಲಕ್ಕೂ ಕೆಳಕ್ಕೂ ಬಡಿದಾಡುವ ಭಾಗವೇ ಇಲ್ಲದ್ದರಿಂದ ಆ ನುಣುಪು, ಆ ಓಟ.

ಹಿಂದಿನ ಹೌಸಿಂಗನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಎಲ್ಲವೂ ಸ್ಪಷ್ಟವಾಯಿತು. ಪೆಟ್ರೋಲು-ಗಾಳಿ ಒಳಬರುವ ಅರ್ಧ ಕನ್ನಡಿಯಂತಿತ್ತು. ಪ್ಲಗ್ಗಿನ ಎರಡು ತೂತುಗಳಿರುವ ಅರ್ಧದಲ್ಲಿ, ತೂತುಗಳ ಸುತ್ತ ಕ್ರೋಮ್ ಲೇಪನ ಬೂದುಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಪಿಸ್ಟನ್ ಎಂಜಿನ್ನಿನಲ್ಲಿ ಉರಿದ ಜಾಗಕ್ಕೇ ಮರುಕ್ಷಣ ತಣ್ಣನೆಯ ಗಾಳಿ ಬರುತ್ತದೆ. ರೋಟರಿಯಲ್ಲಿ ಉರಿಯುವ ಜಾಗ ಸದಾ ಉರಿಯುತ್ತದೆ, ತಣ್ಣಗಿರುವ ಜಾಗ ಸದಾ ತಣ್ಣಗಿರುತ್ತದೆ, ಹೀಗಾಗಿ ಒಂದೇ ಲೋಹದ ತುಂಡು ಎರಡು ಬಗೆಯಾಗಿ ಹಿಗ್ಗುತ್ತದೆ. ಮೇಲಾಗಿ ಉರಿಯುವ ಕೋಣೆ ಉದ್ದವಾಗಿ, ತೆಳ್ಳಗೆ ಇದ್ದು, ಉರಿಯುತ್ತಲೇ ಮುಂದಕ್ಕೆ ಸರಿಯುತ್ತಿರುತ್ತದೆ. ಬೆಂಕಿ ಅದರ ಬಾಲದ ತುದಿಯನ್ನು ಪೂರ್ತಿ ಮುಟ್ಟುವುದಿಲ್ಲ, ಅದಕ್ಕೇ ಎರಡೆರಡು ಪ್ಲಗ್ಗು. ಆದರೂ ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗುತ್ತದೆ. ಗೋಡೆಯ ವಿಸ್ತಾರ ಹೆಚ್ಚಾದ್ದರಿಂದ ಶಾಖ ತಿರುಗಿಸುವ ಬಲವಾಗದೆ ರೇಡಿಯೇಟರಿನ ನೀರಿಗೆ ಸೇರುತ್ತದೆ. ಅದೇ ಗೋಡೆಯ ಮೇಲೆ ರೋಟರಿನ ಮೂಲೆಗಳಲ್ಲಿರುವ ಏಪೆಕ್ಸ್ ಸೀಲ್ ಜಾರಬೇಕೆಂದರೆ ಆಯಿಲನ್ನು ಉರಿಯುವ ಕೋಣೆಗೇ ಚಿಮ್ಮಿಸಬೇಕು. ಮೈಲೇಜು, ಹೊಗೆ, ಆಯಿಲ್ ಎಂಬ ಮೂರು ದೂರುಗಳೂ ಈ ಒಂದು ಕೋಣೆಯ ಆಕಾರದಿಂದಲೇ ಹೊರಟವು.

ಈ ಗೋಡೆ ಹಲವರನ್ನು ಸೋಲಿಸಿದೆ. ಫೆಲಿಕ್ಸ್ ವಾಂಕೆಲ್ ಅವರ ಎಂಜಿನ್ 1957ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ತಿರುಗಿತು. ಅದೇ ಕಂಪನಿ 1967ರಲ್ಲಿ ತಂದ ಆರ್‌ಒ 80 ಕಾರು ಬಹುಮಾನ ಗೆದ್ದರೂ ಸೀಲುಗಳ ಸವೆತದಿಂದ ಎಂಜಿನ್ ಬದಲಿಸಿಕೊಡುವುದರಲ್ಲೇ ಕಂಪನಿ ಸುಸ್ತಾಯಿತು. ಅದೇ ವರ್ಷ ಕಾಸ್ಮೊ ಸ್ಪೋರ್ಟ್ ತಂದ ಮಜ್ದಾದಲ್ಲಿ ಕೆನಿಚಿ ಯಮಾಮೊಟೊ ಅವರ ತಂಡ, ಗೋಡೆಯ ಮೇಲೆ ಸೀಲು ಕೊರೆಯುತ್ತಿದ್ದ ಗೆರೆಗಳಿಗೆ 'ದೆವ್ವದ ಉಗುರಿನ ಗೀರು' ಎಂದೇ ಹೆಸರಿಟ್ಟಿತ್ತು. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಉಳಿದವರಲ್ಲಿ ಬಹುತೇಕರು ಒಬ್ಬೊಬ್ಬರಾಗಿ ಕೈಬಿಟ್ಟರು, ಮಜ್ದಾ ಬಿಡಲಿಲ್ಲ. ನಾಲ್ಕು ರೋಟರಿನ 787ಬಿ ಕಾರು 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಗೆದ್ದಿದ್ದು ಆ ಹಟಕ್ಕೆ ಸಿಕ್ಕ ಫಲ. ಆರ್‌ಎಕ್ಸ್-8ರಲ್ಲಿ ಎಕ್ಸಾಸ್ಟ್ ದ್ವಾರವನ್ನು ಪಕ್ಕದ ಗೋಡೆಗೆ ಸರಿಸಿ ಹೊಗೆಯನ್ನು ಬಹಳಷ್ಟು ತಗ್ಗಿಸಿದರು. ಅದಕ್ಕೆ ತೆತ್ತ ಬೆಲೆ ನನ್ನ ಮೇಜಿನ ಮೇಲೇ ಇತ್ತು. ಆ ದ್ವಾರದ ಮೇಲೆ ಹಾದುಹೋಗುವ ಸೈಡ್ ಸೀಲುಗಳು, ಅಂದರೆ ರೋಟರಿನ ಎರಡೂ ಪಕ್ಕಗಳಲ್ಲಿರುವ ಸೀಲುಗಳು, ಮಸಿಯಲ್ಲಿ ಹೂತು ತಮ್ಮ ತೋಡಿನಲ್ಲಿ ಅಲುಗಾಡದಂತಾಗಿದ್ದವು.

ಆ ಮಸಿಯನ್ನು ಉಕ್ಕಿನ ಉಳಿಯಿಂದ ಕೆರೆಯಬಾರದು. ರೋಟರುಗಳನ್ನು ದ್ರಾವಕದಲ್ಲಿ ನೆನೆಹಾಕಿ, ಮರದ ಚಕ್ಕೆಯಿಂದ ಎಬ್ಬಿಸಿದೆವು. ಕೆಟ್ಟ ಹೌಸಿಂಗಿನ ಬದಲು ಹೊಸದನ್ನೂ, ಸೀಲುಗಳ ಸೆಟ್ಟನ್ನೂ ಹೊರಗಿನಿಂದ ತರಿಸಿದೆ; ಅವು ಬರಲು ಹಿಡಿದ ಕಾಲವೇ ಇಡೀ ಕೆಲಸದಲ್ಲಿ ಹೆಚ್ಚು. ಏಪೆಕ್ಸ್ ಸೀಲುಗಳು ಆರು, ಕೂರಿಸುವುದು ಸುಲಭ. ಬೆವರಿಳಿಸುವುದು ಹನ್ನೆರಡು ಸೈಡ್ ಸೀಲುಗಳು: ಒಂದೊಂದರ ತುದಿಯನ್ನೂ ಅದರದೇ ತೋಡಿನಲ್ಲಿಟ್ಟು ನೋಡಿ, ನಯವಾದ ಕಲ್ಲಿನ ಮೇಲೆ ಉಜ್ಜಿ, ಮೂಲೆಯಲ್ಲಿರುವ ಕಾರ್ನರ್ ಸೀಲಿನ ಬಳಿ 0.05ರಿಂದ 0.15 ಮಿಲಿಮೀಟರಿನೊಳಗಿನ ಸಂದು ಬರುವ ತನಕ ಬಿಡುವಂತಿಲ್ಲ. ನಾನು ಬಿಗಿಯಂಚಿಗೆ ಹತ್ತಿರ ಇಟ್ಟೆ. ಸ್ಪ್ರಿಂಗುಗಳು ಸಿಡಿದುಹೋಗದಂತೆ ಸೀಲುಗಳನ್ನು ವ್ಯಾಸಲಿನ್ ಹಚ್ಚಿ ಅಂಟಿಸಿ, ಹೋಳಿನ ಮೇಲೆ ಹೋಳನ್ನು ಇಳಿಸುವಾಗ ಆ ಹುಡುಗ ಉಸಿರು ಬಿಗಿಹಿಡಿದು ಟಾರ್ಚ್ ತೋರುತ್ತಿದ್ದ. ಕೊನೆಯಲ್ಲಿ ಡಯಲ್ ಗೇಜ್ ಇಟ್ಟು ಶಾಫ್ಟಿನ ಎಂಡ್ ಪ್ಲೇ, ಅಂದರೆ ಅದರ ಹಿಂದುಮುಂದಿನ ಅಲುಗಾಟ, ನೋಡಿದೆವು, 0.04ರಿಂದ 0.07 ಮಿಲಿಮೀಟರಿನ ನಡುವೆಯೇ ಬಂತು. ಮೊದಲ ಸ್ಟಾರ್ಟಿನಲ್ಲಿ ವ್ಯಾಸಲಿನ್ ಉರಿದು ಶೆಡ್ಡೆಲ್ಲ ಬಿಳಿ ಹೊಗೆ. ಪಕ್ಕದ ಲೇತ್ ಅಂಗಡಿಯವರು ಓಡಿಬಂದರು.

ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಷ್ಟು ದಿನ ಆರ್‌ಪಿಎಂ ತಗ್ಗಿಸಿಟ್ಟು ಓಡಿಸಿ, ಆಮೇಲೆ ಬೋರ್ ಘಾಟಿನ ಏರಿನಲ್ಲಿ ಪರೀಕ್ಷಿಸಿದೆ. ಈ ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 211 ನ್ಯೂಟನ್ ಮೀಟರ್, ಅದೂ 5500 ಆರ್‌ಪಿಎಂನಲ್ಲಿ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಅದಕ್ಕೆ ಜೀವವೇ ಇರುವುದಿಲ್ಲ, ದಾರಿ ತೆರವಾಗಿ ಮುಳ್ಳು 6000 ದಾಟಿದರೆ ಅದೇ ಬೇರೆ ಎಂಜಿನ್. ಲೋಣಾವಳದಲ್ಲಿ ಬಿಸಿಯಲ್ಲೇ ನಿಲ್ಲಿಸಿ ಸೆಲ್ಫ್ ಹೊಡೆದೆ, ತಕ್ಷಣ ಹಿಡಿಯಿತು. ಮಾಲೀಕರಿಗೆ ನಾನು ಹೇಳಿದ್ದು ಎರಡು ಮಾತು: ಚೆಂಬೂರಿನ ಗಲ್ಲಿಯಲ್ಲಿ ಗಾಡಿ ಸರಿಸಲೆಂದು ಸ್ಟಾರ್ಟ್ ಮಾಡಿ ಕ್ಷಣದಲ್ಲೇ ಆರಿಸಬೇಡಿ, ಪ್ಲಗ್ಗುಗಳು ಪೆಟ್ರೋಲಿನಲ್ಲಿ ಮುಳುಗುತ್ತವೆ, ಪ್ರತಿ ಸಲ ಪೆಟ್ರೋಲು ತುಂಬಿಸುವಾಗ ಒಳ್ಳೆಯ ಟೂ-ಸ್ಟ್ರೋಕ್ ಆಯಿಲನ್ನು ಸ್ವಲ್ಪ ಬೆರೆಸಿ.

ಅವರು ಮರಳಿ ಕೇಳಿದರು: "ಇಂಥ ಕಾರು ಇನ್ನೊಂದು ಬರುತ್ತದೆಯೇ?" ಬರುವ ಸೂಚನೆಗಳಿವೆ, ಆದರೆ ಹಳೆಯ ರೂಪದಲ್ಲಲ್ಲ. 2023ರಲ್ಲಿ ಮಜ್ದಾ ತಂದ ಎಂಎಕ್ಸ್-30 ಆರ್-ಇವಿ ಕಾರಿನಲ್ಲಿ 830 ಸಿಸಿಯ ಒಂಟಿ ರೋಟರು ಬ್ಯಾಟರಿಗೆ ವಿದ್ಯುತ್ ಉತ್ಪಾದಿಸುತ್ತದೆ ಅಷ್ಟೆ. ಕ್ರೀಡಾಪ್ರಿಯರು ಅದನ್ನು ನೋಡಿ ಮೂಗು ಮುರಿದರು. ಸೀಲು ಉಜ್ಜಿದ ಕೈಗೆ ಅದರಲ್ಲಿ ಕಾಣುವುದು ಬೇರೆ: ಏಪೆಕ್ಸ್ ಸೀಲಿನ ದಪ್ಪ 2 ಮಿಲಿಮೀಟರಿನಿಂದ 2.5ಕ್ಕೆ ಏರಿದೆ, ಪೆಟ್ರೋಲು ನೇರವಾಗಿ ಕೋಣೆಗೇ ಚಿಮ್ಮುತ್ತದೆ, ಪಕ್ಕದ ಗೋಡೆಗಳು ಬೀಡು ಕಬ್ಬಿಣದ ಬದಲು ಗಟ್ಟಿ ಲೇಪನದ ಅಲ್ಯುಮಿನಿಯಮ್ಮಿನವು. ನನ್ನ ಮೇಜಿನ ಮೇಲಿದ್ದ ಒಂದೊಂದು ಕಾಯಿಲೆಗೂ ಅಲ್ಲಿ ಮದ್ದು ಹುಡುಕಿದ್ದಾರೆ. 2024ರ ಫೆಬ್ರವರಿಯಲ್ಲಿ ರೋಟರಿಗೆಂದೇ 36 ಎಂಜಿನಿಯರುಗಳ ವಿಭಾಗವನ್ನು ಮತ್ತೆ ತೆರೆದರು, 2025ರಲ್ಲಿ ಟೋಕಿಯೊದಲ್ಲಿ ಎರಡು ರೋಟರು, ಟರ್ಬೊ ಮತ್ತು ಮೋಟರು ಸೇರಿ 510 ಪಿಎಸ್ (ಅಶ್ವಶಕ್ತಿ) ಕೊಡುವ ವಿಷನ್ ಎಕ್ಸ್-ಕೂಪೆ ಎಂಬ ಮಾದರಿಯನ್ನು ತೋರಿಸಿದರು. ಘಾಟಿಯಲ್ಲಿ 3000 ಆರ್‌ಪಿಎಂ ಕೆಳಗೆ ಕಂಡ ಕೊರತೆಯನ್ನು ಮೋಟರು ತುಂಬಿಕೊಡುವುದಾದರೆ ಈ ಜೋಡಿ ನನಗೆ ಸರಿಯೆನಿಸುತ್ತದೆ. ಬ್ಯಾಟರಿಯ ಭಾರದಿಂದ ರೋಟರಿಯ ಹಗುರತನವೇ ಕರಗಿಹೋಗುವುದೇನೋ ಎಂಬ ಅನುಮಾನ ಮಾತ್ರ ಉಳಿದಿದೆ. ಅಂಥ ಕಾರು ನಿಜಕ್ಕೂ ಮಾರಾಟಕ್ಕೆ ಬಂದರೆ, ಆ ಲೇಪನದ ಪಕ್ಕದ ಗೋಡೆಗಳನ್ನೂ ಸೈಡ್ ಸೀಲುಗಳನ್ನೂ ಬಿಡಿಬಿಡಿಯಾಗಿ ಮಾರುತ್ತಾರೋ ಇಲ್ಲ ಇಡೀ ಎಂಜಿನ್ನನ್ನೇ ಬದಲಿಸಿ ಎನ್ನುತ್ತಾರೋ ಎಂದು ನಾನು ಮೊದಲು ವಿಚಾರಿಸುತ್ತೇನೆ.