ಬಂದಳಿಕೆಯ ಹೆಸರು ಒಂದು, ಕಾಟುಮಾವಿನ ಮೇಲೆ ಗಿಡ ಮೂರು

ಕಾಸರಗೋಡಿನ ಪೆರ್ಲದ ಸಮೀಪ ನಮ್ಮ ಹಿತ್ತಿಲಿನ ಕಾಟುಮಾವಿಗೆ (ಕಾಡುಮಾವಿಗೆ) ಹಿಡಿದಿದ್ದ ಬಂದಳಿಕೆಯನ್ನು ಗುರುತಿಸುವುದು ಅರ್ಧ ದಿನದ ಕೆಲಸವೆಂದು ಭಾವಿಸಿದ್ದೆ. ಅದಕ್ಕೆ ಮೂರು ವರ್ಷ ಹಿಡಿಯಿತು. ಸಸ್ಯಶಾಸ್ತ್ರವನ್ನು ಕಲಿಸಿಯೇ ಸಂಬಳ ಪಡೆದವನಿಗೆ ಇದು ಹೇಳಿಕೊಳ್ಳುವಂತಹ ಸಂಗತಿಯಲ್ಲವಾದರೂ, ತಪ್ಪಿದ್ದು ಎಲ್ಲಿ ಎಂಬುದನ್ನು ಬರೆದಿಟ್ಟರೆ ಇನ್ನೊಬ್ಬರಿಗೆ ಉಪಯೋಗವಾದೀತು.

ನಮ್ಮಲ್ಲಿ ಮರದ ಕೊಂಬೆಯ ಮೇಲೆ ಹಸುರು ಪೊದೆಯಾಗಿ ಬೆಳೆಯುವುದೆಲ್ಲವೂ ಬಂದಳಿಕೆಯೇ. ಮಲಯಾಳದವರಿಗೆ ಅದೆಲ್ಲವೂ ಇತ್ತಿಕ್ಕಣ್ಣಿ. ಅಮರಕೋಶದಲ್ಲಿ ಇದಕ್ಕೆ 'ವೃಕ್ಷಾದನೀ', ಅಂದರೆ ಮರವನ್ನು ತಿನ್ನುವಂಥದು ಎಂಬ ಹೆಸರಿದೆ. ಹೆಸರಿನಲ್ಲಿ ಸ್ವಲ್ಪ ಅತಿಶಯೋಕ್ತಿಯಿದೆ. ತನ್ನ ಹಸುರೆಲೆಯಿಂದ ತಾನೇ ಆಹಾರ ತಯಾರಿಸಿಕೊಂಡು, ನೀರನ್ನೂ ಲವಣಗಳನ್ನೂ ಮಾತ್ರ ಹೀರುಬೇರಿನ ಮೂಲಕ ಆಶ್ರಯದ ಮರದಿಂದ ಎಳೆದುಕೊಳ್ಳುವ ಇದು ಮುಖ್ಯವಾಗಿ ಅರೆಪರಾವಲಂಬಿ.

ಮೊದಲ ತೊಡಕು ಮಾದರಿಯನ್ನು ಒಣಗಿಸುವುದರಲ್ಲೇ ಎದುರಾಯಿತು. ಮಳೆಗಾಲದ ಆಟಿ ತಿಂಗಳಿನಲ್ಲಿ ಪತ್ರಿಕೆಗಳ ನಡುವೆ ಒತ್ತಿಟ್ಟ ರೆಂಬೆಗಳನ್ನು ಎಂಟು ದಿನಗಳ ಬಳಿಕ ತೆರೆದಾಗ ಎಲೆಗಳೆಲ್ಲ ಕಪ್ಪಾಗಿ ಉದುರಿ, ಕಡ್ಡಿ ಮಾತ್ರ ಉಳಿದಿತ್ತು. ಆಮೇಲೆ ರೆಂಬೆಯನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬಟ್ಟೆಯಿಂದ ಒರಸಿ, ಒಲೆಯ ಮೇಲಿನ ಅಟ್ಟದಲ್ಲಿ ದಿನಕ್ಕೊಮ್ಮೆ ಕಾಗದ ಬದಲಿಸುತ್ತ ಒಣಗಿಸಿದೆ. ಎಲೆಗಳು ನಿಂತವು. ಆದರೆ ಹೂವಿನ ಆಕಾರ ಕೆಡುತ್ತದೆ. ಅದನ್ನು ಬೇರೆಯಾಗಿ ಮದ್ಯಸಾರದ ಸೀಸೆಯಲ್ಲಿ ಹಾಕಿಡುವುದೇ ಸರಿ.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ, 1915ರಿಂದ 1936ರವರೆಗೆ ಕಂತುಗಳಲ್ಲಿ ಹೊರಬಂದ, ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಗ್ಯಾಂಬಲರ ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಸಂಪುಟ ನಮ್ಮ ಊರಿಗೂ ಅನ್ವಯಿಸುತ್ತದೆ. ಅದರಲ್ಲಿ ಇಂತಹ ಗಿಡಗಳ ಬಹುಪಾಲು 'ಲೊರಾಂಥಸ್' ಎಂಬ ಒಂದೇ ಕುಲದಲ್ಲಿವೆ. ಡಚ್ ಸಸ್ಯಶಾಸ್ತ್ರಜ್ಞ ಡಾನ್ಸರ್ 1930ರ ಆಸುಪಾಸಿನಲ್ಲಿ ಈ ದೊಡ್ಡ ಕುಲವನ್ನು ಹಲವು ಸಣ್ಣ ಕುಲಗಳಾಗಿ ಒಡೆದ ಮೇಲೆ ಹಳೆಯ ಹೆಸರುಗಳು ಬದಲಾದವು. ಔಷಧದ ಪಟ್ಟಿಗಳಲ್ಲಿ ಮಾತ್ರ ಲೊರಾಂಥಸ್ ಇಂದಿಗೂ ಹೋಗಿಲ್ಲ. ನಾನು ದಪ್ಪ ಎಲೆಯನ್ನೂ ಮಾವಿನ ಮರವನ್ನೂ ನೋಡಿ, ಒಣಗಿಸಿದ ಮಾದರಿಗಳಿದ್ದ ಎಲ್ಲ ಹಾಳೆಗಳಿಗೂ 'ಡೆಂಡ್ರಾಫ್ತೋ ಫಾಲ್ಕೇಟಾ' ಎಂದು ಚೀಟಿ ಅಂಟಿಸಿಬಿಟ್ಟೆ. ಇದು ನೂರಾರು ಬಗೆಯ ಮರಗಳ ಮೇಲೆ ಬೆಳೆಯುವ ಪ್ರಭೇದವಾದುದರಿಂದ ಆಶ್ರಯದ ಮರವನ್ನು ನೋಡಿ ಹೆಸರು ಹೇಳುವುದೇ ಮೂರ್ಖತನ. ಅಡಿಕೆ, ತೆಂಗುಗಳ ಮೇಲೆ ಮಾತ್ರ ಇದನ್ನು ನಾನು ಕಂಡಿಲ್ಲ.

ತಪ್ಪು ತಿಳಿದದ್ದು ಹೂ ಬಂದಾಗ. ಒಂದು ಪೊದೆಯಲ್ಲಿ ಗೊನೆಯಂತೆ ಸಾಲಾಗಿ ಹೂಗಳಿದ್ದವು. ಐದು ದಳಗಳು ಕೂಡಿ ಆದ ಬಾಗಿದ ಕೊಳವೆ, ಕಿತ್ತಳೆ ಬಣ್ಣ, ಹಸುರು ತುದಿ. ಅದು ಡೆಂಡ್ರಾಫ್ತೋವೇ. ಬಲಿತ ಮೊಗ್ಗನ್ನು ಬೆರಳಿನಿಂದ ಮೆಲ್ಲಗೆ ಹಿಸುಕಿದರೆ ಅದು ತಟಕ್ಕನೆ ಒಂದು ಬದಿಯಲ್ಲಿ ಸೀಳಿ ಪರಾಗವನ್ನು ಎರಚುತ್ತದೆ. ಈ ಕೆಲಸವನ್ನು ದಿನವಿಡೀ ಸೂರಕ್ಕಿಗಳು ಕೊಕ್ಕಿನಿಂದ ಮಾಡುತ್ತಿದ್ದವು. ಎರಡು ಮಾರು ಆಚೆಗೆ ಅದೇ ಮರದ ಇನ್ನೊಂದು ಕೊಂಬೆಯಲ್ಲಿದ್ದ ಪೊದೆಯಲ್ಲಿ ಹೂಗಳು ಎಲೆಯ ಕಂಕುಳಿನಲ್ಲಿ ಗುಂಪಾಗಿದ್ದು, ಅರಳಿದ ದಳಗಳು ಸುರುಳಿ ಸುತ್ತಿಕೊಂಡಿದ್ದವು. ಅದು 'ಹೆಲಿಕ್ಯಾಂಥೆಸ್ ಇಲ್ಯಾಸ್ಟಿಕಾ'. ತನ್ನ ಕುಲದಲ್ಲಿರುವ ಏಕೈಕ ಪ್ರಭೇದ. ಹದಿನಾಲ್ಕು ಹಾಳೆಗಳಲ್ಲಿ ಐದರ ಚೀಟಿಯನ್ನು ಬದಲಿಸಬೇಕಾಯಿತು.

ಬೀಜದ ವಿಚಾರವನ್ನು ನಾನೇ ಪರೀಕ್ಷಿಸಿ ನೋಡಿದೆ. ಹಣ್ಣನ್ನು ಹಿಸುಕಿದರೆ ಹೊರಬರುವ ಬೀಜ ವಿಸ್ಸಿನ್ ಎಂಬ ಅಂಟಿನಿಂದ ನೂಲು ನೂಲಾಗಿ ಜೋತಾಡುತ್ತದೆ. ಗೇರಿನ ಎಳೆಯ ಕೊಂಬೆಯ ಮೇಲೆ ಹತ್ತು, ಬೇಲಿಯ ತಂತಿಯ ಮೇಲೆ ಹತ್ತು ಬೀಜಗಳನ್ನು ಅಂಟಿಸಿದೆ. ತಂತಿಯ ಮೇಲಿನವೂ ಮೊಳೆತವು! ಮೊಳೆಯುವುದಕ್ಕೆ ಆಶ್ರಯದ ಮರದ ಸೂಚನೆ ಇದಕ್ಕೆ ಬೇಡ. ಹಸುರು ಮೊಳಕೆ ಬೆಳಕಿನಿಂದ ದೂರಕ್ಕೆ ಬಾಗಿ, ತುದಿಯಲ್ಲಿ ಗುಂಡಿಯಂತೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ತಂತಿಯ ಮೇಲಿನವು ಅಲ್ಲಿಗೇ ಒಣಗಿದವು. ಗೇರಿನಲ್ಲಿ ಎರಡು ಉಳಿದವು. ಈ ಬಿತ್ತನೆಯ ಕೆಲಸವನ್ನು ಮಾಡುವ ಪುಟ್ಟ ಹಕ್ಕಿಗೂ ಕನ್ನಡದಲ್ಲಿ ಗಿಡದ್ದೇ ಹೆಸರು (ಬಂದಳಿಕೆಗೆ ಬದನಿಕೆ ಎಂದೂ ಹೇಳುತ್ತಾರೆ), ಬದನಿಕೆ ಹಕ್ಕಿ. ಸೂರಕ್ಕಿ ಮತ್ತು ಬದನಿಕೆ ಹಕ್ಕಿಗಳು ಈ ಗಿಡದ ಪ್ರಸಾರದಲ್ಲಿ ವಹಿಸುವ ಪಾತ್ರವನ್ನು ಸಲೀಂ ಅಲಿಯವರು ಕೊಂಕಣದಲ್ಲಿ ಗಮನಿಸಿ 1931ರಲ್ಲಿ ಬರೆದಿದ್ದಾರೆ.

ಮೂರನೆಯ ಗಿಡ ಕಂಡದ್ದು ಆಕಸ್ಮಿಕವಾಗಿ. ಡೆಂಡ್ರಾಫ್ತೋದ ಮೇಲೆಯೇ ಗಂಟುಗಂಟಾದ, ಎಲೆಯಿಲ್ಲದ, ಚಪ್ಪಟೆ ಕಾಂಡದ ಹಸುರು ಗಿಡವೊಂದು ಜೋಲುತ್ತಿತ್ತು. ಪರಾವಲಂಬಿಯ ಮೇಲೊಂದು ಪರಾವಲಂಬಿ. ಇದು 'ವಿಸ್ಕಮ್' ಕುಲದ್ದು. ಹೂವು ಸಾಸಿವೆಯಷ್ಟು ಸಣ್ಣದು. ಗಂಡು ಹೆಣ್ಣು ಬೇರೆಬೇರೆ. ಮೊದಲಿನ ಎರಡು ಗಿಡಗಳ ಕುಟುಂಬವಾದ ಲೊರಾಂಥೇಸಿಯ ಹೂವಿನಲ್ಲಿ ದಳಗಳ ಬುಡಕ್ಕೆ ಕ್ಯಾಲಿಕ್ಯುಲಸ್ ಎಂಬ ಕಿರಿದಾದ ಅಂಚು ಇರುತ್ತದೆ, ಇದರಲ್ಲಿ ಇಲ್ಲ. ಇನ್ನೂ ಖಚಿತವಾದ ಭೇದ ಹಣ್ಣಿನೊಳಗಿದೆ. ಹಸಿ ಹಣ್ಣಿನಲ್ಲಿ ಬ್ಲೇಡು ಅಂಟಿಕೊಂಡು ಸೀಳು ಬರಲಿಲ್ಲ. ಮದ್ಯಸಾರದಲ್ಲಿ ನೆನೆಸಿದ ಹಣ್ಣನ್ನು ಪಪ್ಪಾಯಿ ದಂಟಿನ ನಡುವೆ ಸಿಕ್ಕಿಸಿ ತೆಳುವಾಗಿ ಕತ್ತರಿಸಿ, ಸ್ಯಾಫ್ರನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಡೆಂಡ್ರಾಫ್ತೋದಲ್ಲಿ ಅಂಟಿನ ಪದರ ನಾಳಗಳ ಹೊರಗೂ ವಿಸ್ಕಮ್‌ನಲ್ಲಿ ನಾಳಗಳ ಒಳಗೂ ಇರುವುದು ಸ್ಪಷ್ಟವಾಗಿ ಕಂಡಿತು. ಆ ಸಂಜೆ ನಾನು ಊಟಕ್ಕೆ ತಡವಾಗಿ ಎದ್ದೆ.

ಹಿಂದೆ ಡೆಂಡ್ರಾಫ್ತೋದ ಗುಂಪು, ವಿಸ್ಕಮ್‌ನ ಗುಂಪು ಎರಡೂ ಲೊರಾಂಥೇಸಿಯ ಉಪಕುಟುಂಬಗಳಾಗಿದ್ದವು. ಭಾರತೀಯ ಸಸ್ಯಶಾಸ್ತ್ರಜ್ಞರಾದ ಮಾಹೇಶ್ವರಿ, ಜೋಹ್ರಿ, ದೀಕ್ಷಿತ್ ಅವರು 1957ರಲ್ಲಿ ಹೂವಿನ ರಚನೆ ಹಾಗೂ ಭ್ರೂಣಶಾಸ್ತ್ರದ ಆಧಾರದಲ್ಲಿ ಇವನ್ನು ಪ್ರತ್ಯೇಕ ಕುಟುಂಬಗಳಾಗಿ ಕಾಣಬೇಕೆಂದು ವಾದಿಸಿದರು. ಡಿಎನ್‌ಎ ಅಧ್ಯಯನಗಳನ್ನು ಆಧರಿಸಿದ ಎಪಿಜಿ (ಹೂಬಿಡುವ ಸಸ್ಯಗಳ ವಂಶಸಂಬಂಧವನ್ನು ಅಧ್ಯಯನ ಮಾಡುವ ವಿಜ್ಞಾನಿಗಳ ಗುಂಪು) ವರ್ಗೀಕರಣ ವಿಸ್ಕಮ್ ಅನ್ನು ಶ್ರೀಗಂಧದ ಕುಟುಂಬವಾದ ಸ್ಯಾಂಟಲೇಸಿಗೆ ಸೇರಿಸಿದೆ. ಶ್ರೀಗಂಧವೂ ನೆರೆಮರಗಳ ಬೇರಿನಿಂದ ಹೀರುವ ಅರೆಪರಾವಲಂಬಿಯೇ ತಾನೆ.

ಕಳೆದ ಮಳೆಗಾಲಕ್ಕೆ ಮುನ್ನ ಮರ ಸವರಲು ಬಂದವನು ಕತ್ತಿ ಹಿಡಿದು ಮೇಲೇರಿ, "ಮಾಷ್ಟ್ರೆ, ಬಂದಳಿಕೆ ಎಲ್ಲ ತೆಗೆಯುವುದಾ?" ಎಂದು ಕೇಳಿದ. ತೊಗಟೆಯ ಮೇಲೆ ಹರಿಯುವ ಅದರ ಬೇರುಗಳು ಅಲ್ಲಲ್ಲಿ ಹೀರುಬೇರು ಇಳಿಸುವುದರಿಂದ, ಹಿಡಿದ ಜಾಗಕ್ಕಿಂತ ಒಂದೂವರೆ ಅಡಿ ಕೆಳಗಿನಿಂದ ಕೊಂಬೆಯನ್ನೇ ಕಡಿಯಲು ಹೇಳಿದೆ. ವಿಸ್ಕಮ್ ಇದ್ದ ಕೊಂಬೆಯನ್ನು ಮಾತ್ರ ಕಡಿಯದೆ ಬಿಡಲು ಹೇಳಿದೆ. ಅದರ ಹಣ್ಣು ಇನ್ನೂ ಬಲಿತಿರಲಿಲ್ಲ.