ಏರೋ ಕಾರ್ಬನ್ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕುವ ಮುಂಚೆ

ನಮ್ಮಪ್ಪ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಅವರ ಹತ್ತಿರ ರಿಪೇರಿ ಸ್ಟ್ಯಾಂಡ್ ಅಂತ ಏನೂ ಇರಲಿಲ್ಲ. ತೊಲೆಯಿಂದ ಎರಡು ಹಗ್ಗ ಇಳಿಬಿಟ್ಟಿದ್ದರು. ಒಂದು ಸೀಟಿಗೆ, ಇನ್ನೊಂದು ಹ್ಯಾಂಡಲ್ಲಿಗೆ. ಹಾಲಿನ ಕ್ಯಾನ್ ಹೊರುವ ಸೈಕಲ್ಲೋ, ತೋಟದಿಂದ ದ್ರಾಕ್ಷಿ ಕ್ರೇಟ್ ಹೊತ್ತು ಬಂದದ್ದೋ, ಎತ್ತಿ ನೇತುಹಾಕಿದರೆ ಕೆಲಸ ಶುರು. ಅವೆಲ್ಲ ಉಕ್ಕಿನ ಸೈಕಲ್ಲು. ಎಲ್ಲಿ ಹಿಡಿದರೂ ತಡೆಯುತ್ತಿದ್ದವು.

ಈಗ ಭಾನುವಾರ ಬೆಳಿಗ್ಗೆ ನನ್ನ ಅಂಗಡಿ ಮುಂದೆ ನಿಲ್ಲುವುದು ಬೇರೆ ಥರದ ಸೈಕಲ್ಲು. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು, ನಂದಿಬೆಟ್ಟ ಹತ್ತಿ ಇಳಿದು, ಹಾಗೇ ಊರೊಳಗೆ ಬರುತ್ತಾರೆ. “ಅಣ್ಣ, ಗೇರ್ ಸರಿಯಾಗಿ ಕೂರ್ತಿಲ್ಲ, ಒಂಚೂರು ನೋಡಿ” ಅನ್ನುತ್ತಾರೆ. ಏಳೆಂಟು ಕೆಜಿ ತೂಕ. ಮೈ ಕಾರ್ಬನ್ನಿನದು. ಗಾಳಿ ಸೀಳಿ ಹೋಗಲೆಂದು ಕೊಳವೆಗಳು ಗುಂಡಗಿಲ್ಲ, ಕತ್ತಿಯ ಹಾಗೆ ಚಪ್ಪಟೆ. ಏರೋ ಅನ್ನುವುದು ಇದಕ್ಕೇ. ಗೇರ್ ಸರಿ ಮಾಡುವುದು ಹತ್ತು ನಿಮಿಷದ ಕೆಲಸ. ಅದನ್ನು ಸ್ಟ್ಯಾಂಡಿಗೆ ಹಾಕುವುದರಲ್ಲೇ ಇರುವುದು ಎಚ್ಚರಿಕೆ. ಮನೆಯಲ್ಲೇ ಸೈಕಲ್ ತೊಳೆದು ರಿಪೇರಿ ಮಾಡಿಕೊಳ್ಳುವವರು ಈಗ ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು: ಬಾರನ್ನು ಕ್ಲಾಂಪಿಗೆ, ಅಂದರೆ ಸೈಕಲ್ಲನ್ನು ಕಚ್ಚಿ ಹಿಡಿಯುವ ಸ್ಟ್ಯಾಂಡಿನ ಬಾಯಿಗೆ, ಕೊಡಬೇಡಿ. ಬಾರ್ ಅಂದರೆ ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಮೇಲಿನ ಕೊಳವೆ. ಕೆಳಗಿನ ಕೊಳವೆಯೂ ಬೇಡ, ಹಿಂದಿನ ಚಕ್ರದ ಪಕ್ಕದ ಸಣ್ಣ ಕೊಳವೆಗಳೂ ಬೇಡ. ಬಟ್ಟೆ ಸುತ್ತಿದರೂ ಬೇಡ. ಬಟ್ಟೆ ಬಣ್ಣವನ್ನು ಕಾಪಾಡುತ್ತದೆ, ಕೊಳವೆಯನ್ನಲ್ಲ.

ಯಾಕೆ ಅಂತ ತಿಳಿದರೆ ಮರೆಯುವುದಿಲ್ಲ. ಕಾರ್ಬನ್ ಅಂದರೆ ನೂಲು. ಕೂದಲಿಗಿಂತ ಸಣ್ಣ ಎಳೆಗಳನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ಅಂಟಿನಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ನಮ್ಮ ಶಿಡ್ಲಘಟ್ಟದ ಕಡೆಯವರಿಗೆ ನೂಲಿನ ಗುಣ ಹೇಳಿಕೊಡಬೇಕಾಗಿಲ್ಲ. ಉದ್ದಕ್ಕೆ ಎಳೆದರೆ ರೇಷ್ಮೆ ಎಳೆಗೆ ಎಷ್ಟು ಶಕ್ತಿ ಅಲ್ವಾ? ಕಾರ್ಬನ್ ಎಳೆಗೂ ಹಾಗೇ, ಅದಕ್ಕಿಂತ ಎಷ್ಟೋ ಪಟ್ಟು. ಆದರೆ ಪಕ್ಕದಿಂದ ಹಿಸುಕಿದರೆ ಪದರಗಳನ್ನು ಹಿಡಿದಿಡುವುದು ಬರೀ ಅಂಟು. ಸವಾರ ಕೂತಾಗ, ಪೆಡಲ್ ತುಳಿದಾಗ ಬರುವ ಭಾರಕ್ಕೆ ತಕ್ಕಂತೆ ಎಳೆಗಳನ್ನು ಹಾಸಿರುತ್ತಾರೆ. ಕ್ಲಾಂಪ್ ಬಂದು ಹಿಸುಕುತ್ತದೆ ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ. ತೂಕ ಉಳಿಸಲು ಕೊಳವೆಯ ನಡುಭಾಗವನ್ನು ತುಂಬಾ ತೆಳ್ಳಗೆ ಮಾಡಿರುತ್ತಾರೆ. ನಾವು ಕ್ಲಾಂಪ್ ಹಾಕಲು ಹೋಗುವುದೂ ಅಲ್ಲಿಗೇ.

ಏರೋ ಸೈಕಲ್ಲಿನಲ್ಲಿ ಇದು ಇನ್ನೂ ಸೂಕ್ಷ್ಮ. ಗುಂಡು ಕೊಳವೆಯನ್ನು ಸುತ್ತಲೂ ಹಿಡಿದರೆ ಒತ್ತಡ ಹಂಚಿಹೋಗುತ್ತದೆ. ಚಪ್ಪಟೆ ಬದಿಯನ್ನು ಒತ್ತಿದರೆ ಬಿಸ್ಕತ್ ಡಬ್ಬದ ಬದಿ ಒತ್ತಿದ ಹಾಗೆ ಒಳಗೆ ಬಾಗುತ್ತದೆ. ತಗಡು ಬಾಗಿದರೆ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಒಳಗೇ ಬಿರುಕು ಬಿಟ್ಟು ಹೊರಗೆ ಏನೂ ಆಗದ ಹಾಗೆ ನಿಲ್ಲಬಹುದು. ಈ ಕೊಳವೆಗಳ ಹಿಂಬದಿ ಕತ್ತರಿಸಿದ ಹಾಗೆ ಇರುವುದನ್ನು ನೋಡಿರುತ್ತೀರಿ. ಅದಕ್ಕೆ ಕಾಮ್ ಟೇಲ್ ಅನ್ನುತ್ತಾರೆ. ಜರ್ಮನಿಯ ಎಂಜಿನಿಯರ್ ವೂನಿಬಾಲ್ಡ್ ಕಾಮ್ 1930ರ ದಶಕದಲ್ಲಿ ಕಾರುಗಳಿಗಾಗಿ ಮಾಡಿದ ಕೆಲಸದಿಂದ ಬಂದ ಹೆಸರು. ಉದ್ದ ಬಾಲ ಇಲ್ಲದೆಯೂ ಗಾಳಿ ಸಲೀಸಾಗಿ ಸರಿದು ಹೋಗುವ ಆಕಾರ ಅದು. ಗಾಳಿಗೆ ಬಹಳ ಒಳ್ಳೆಯದು, ಕ್ಲಾಂಪಿನ ಬಾಯಿಗೆ ಹೊಂದುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಸೈಕಲ್ ತಂದ. ಬಾರಿನ ಮೇಲೆ ಕೂದಲೆಳೆಯಂಥ ಗೆರೆ. ಮನೆಯಲ್ಲಿ ತೊಳೆಯಲು ಬಾರನ್ನೇ ಹಿಡಿಸಿ ಲಿವರ್ ಒತ್ತಿದ್ದನಂತೆ. ಒಂದು ರೂಪಾಯಿ ನಾಣ್ಯದಿಂದ ಬಾರಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದೆ. ಟಣ್ ಟಣ್ ಅನ್ನುತ್ತಿದ್ದದ್ದು ಗೆರೆಯ ಹತ್ತಿರ ಬಂದಾಗ ದಪ್ ಅಂದಿತು. ಹಾಗೆ ಸದ್ದು ಸತ್ತರೆ ಒಳಗೆ ಪದರ ಬಿಟ್ಟಿರುವ ಅನುಮಾನ. ಓಡಿಸಬೇಡ, ಕಾರ್ಬನ್ ರಿಪೇರಿ ಮಾಡುವವರ ಹತ್ತಿರ ತೋರಿಸು ಅಂದೆ. ಅವನು ವಾಪಸ್ಸು ಬಸ್ಸಿನಲ್ಲಿ ಹೋದ. ಅವನ ಮುಖ ಇನ್ನೂ ಕಣ್ಣ ಮುಂದಿದೆ. ಬಿಗಿದದ್ದು ಬರೀ ಅರ್ಧ ಸುತ್ತು ಜಾಸ್ತಿ ಇರಬೇಕು.

ಹಾಗಾದರೆ ಎಲ್ಲಿ ಹಿಡಿಯಬೇಕು? ಓಡುವಾಗ ಸೈಕಲ್ ಎಲ್ಲಿ ಭಾರ ಹೊರುತ್ತದೋ ಅಲ್ಲೇ ಹಿಡಿಯಬೇಕು. ಚಕ್ರದ ಆಕ್ಸಲ್ ಕೂರುವ ಜಾಗ, ಪೆಡಲ್ ತಿರುಗುವ ಬಾಟಂ ಬ್ರಾಕೆಟ್ ಇರುವ ಜಾಗ. ಈ ಎರಡನ್ನು ಮಾತ್ರ ನಂಬುವ ಸ್ಟ್ಯಾಂಡುಗಳಿವೆ. ಮುಂಚಕ್ರ ಬಿಚ್ಚಿ, ಆ ಚಕ್ರವನ್ನು ಹಿಡಿಯುವ ಎರಡು ಕಾಲಿನ ಫೋರ್ಕನ್ನು ಸ್ಟ್ಯಾಂಡಿಗೆ ಕೂರಿಸುವುದು, ಬಾಟಂ ಬ್ರಾಕೆಟ್ ಕೆಳಗೆ ರಬ್ಬರ್ ತೊಟ್ಟಿಲು. ಕೊಳವೆಯನ್ನು ಹಿಸುಕುವ ಪ್ರಶ್ನೆಯೇ ಇಲ್ಲ. ರೇಸ್ ತಂಡಗಳ ಮೆಕ್ಯಾನಿಕ್ಕುಗಳು ಬಳಸುವುದು ಹೆಚ್ಚಾಗಿ ಇಂಥದ್ದನ್ನೇ. ಏರೋ ಸೈಕಲ್ ಇಟ್ಟುಕೊಂಡು ಹೊಸದಾಗಿ ಸ್ಟ್ಯಾಂಡ್ ಕೊಳ್ಳುವವರು ಇದನ್ನೇ ಕೊಳ್ಳಿ.

ಕೊಳ್ಳುವ ಮುಂಚೆ ನಿಮ್ಮ ಆಕ್ಸಲ್ ನೋಡಿ. ಈಗಿನ ಡಿಸ್ಕ್ ಬ್ರೇಕ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 12 ಮಿ.ಮೀ. ದಪ್ಪ, 100 ಮಿ.ಮೀ. ಅಗಲದ ಥ್ರೂ ಆಕ್ಸಲ್, ಅಂದರೆ ಚಕ್ರದ ನಡುವೆ ತೂರಿಸಿ ತಿರುಗಿಸಿ ಬಿಗಿಯುವ ಸರಳು. ಹಿಂದೆ 12 ಮಿ.ಮೀ. ದಪ್ಪ, 142 ಮಿ.ಮೀ. ಅಗಲ. ಹಳೆಯ ರಿಮ್ ಬ್ರೇಕ್ ಸೈಕಲ್ಲಿನಲ್ಲಿ ಕ್ವಿಕ್ ರಿಲೀಸ್, ಅಂದರೆ ಲಿವರ್ ಮಡಚಿ ಬಿಗಿಯುವ ತೆಳು ಆಕ್ಸಲ್ ಇರುತ್ತದೆ, ಹಿಂದೆ ಅಗಲ 130 ಮಿ.ಮೀ. ಸ್ಟ್ಯಾಂಡಿಗೆ ಸರಿಯಾದ ಅಡಾಪ್ಟರ್ ಇಲ್ಲದಿದ್ದರೆ ಯಾವುದೋ ವಾಷರ್ ತುರುಕಿ ಕೂರಿಸಬೇಡಿ. ಫೋರ್ಕಿನ ಎರಡು ಕಾಲು ಒಂದೇ ಸಮ ಕೂರಬೇಕು.

ಚಕ್ರ ಬಿಚ್ಚಿದ ಮೇಲೆ ಒಂದು ಕೆಲಸ ಮರೆಯಬಾರದು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಡಿ. ಹೊಸ ಸೈಕಲ್ಲಿನ ಜೊತೆ ಬಂದಿರುತ್ತದೆ. ಇಲ್ಲದಿದ್ದರೆ ರಟ್ಟನ್ನು ದಪ್ಪಗೆ ಮಡಚಿ ಸಿಕ್ಕಿಸಿ. ಮಗು ಬಂದು ಬ್ರೇಕ್ ಲಿವರ್ ಒಂದು ಸಲ ಒತ್ತಿದರೆ ಸಾಕು, ಪಿಸ್ಟನ್ ಹೊರಗೆ ಬಂದು ಪ್ಯಾಡುಗಳು ಅಂಟಿಕೊಳ್ಳುತ್ತವೆ. ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ.

ಬಾಟಂ ಬ್ರಾಕೆಟ್ಟನ್ನು ತೊಟ್ಟಿಲಲ್ಲಿ ಕೂರಿಸುವಾಗ ಕೆಳಗೆ ಬಗ್ಗಿ ನೋಡಿ. ಕೆಲವು ಫ್ರೇಮುಗಳಲ್ಲಿ ಗೇರ್ ಕೇಬಲ್ ಆ ಜಾಗದ ಅಡಿಯಲ್ಲೇ ಹಾದುಹೋಗಿರುತ್ತದೆ. ಕೇಬಲ್ ಮೇಲೆ ಸೈಕಲ್ ಕೂತರೆ ನೀವು ಎಷ್ಟು ಟ್ಯೂನ್ ಮಾಡಿದರೂ ಕೆಳಗಿಳಿಸಿದ ಮೇಲೆ ಗೇರ್ ತಪ್ಪುತ್ತದೆ. ತೊಟ್ಟಿಲಿನ ರಬ್ಬರಿನಲ್ಲಿ ಮರಳು ಇದ್ದರೆ ಒರೆಸಿ. ಪಟ್ಟಿ ಕಟ್ಟುವುದಾದರೆ ಅಲುಗಾಡದಷ್ಟು ಸಾಕು.

ಗೇರ್, ಚೈನ್, ಹಿಂದಿನ ಬ್ರೇಕ್ ಕೆಲಸಕ್ಕೆ ಫೋರ್ಕ್ ಹಿಡಿಸಿ. ಮುಂದಿನ ಬ್ರೇಕ್, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಕೆಲಸಕ್ಕೆ ಹಿಂಚಕ್ರ ಬಿಚ್ಚಿ, ಸೈಕಲ್ ತಿರುಗಿಸಿ ಹಿಂಬದಿ ಹಿಡಿಸಿ. ಆಗ ಚೈನ್ ಜೋತಾಡಿ ಫ್ರೇಮಿಗೆ ಉಜ್ಜುತ್ತದೆ. ಅದಕ್ಕೊಂದು ಡಮ್ಮಿ ಹಬ್, ಅಂದರೆ ಚಕ್ರದ ಬದಲು ಚೈನ್ ಹಿಡಿದಿಡುವ ಗಾಲಿ ಹಾಕಿ.

ಇನ್ನು ಮನೆಯಲ್ಲಿ ಆಗಲೇ ಕ್ಲಾಂಪ್ ಸ್ಟ್ಯಾಂಡ್ ಇರುವವರು. ನಿಮಗೆ ಉಳಿದಿರುವುದು ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊರುವ ಕಂಬ. ಅದೂ ಕಾರ್ಬನ್ನೇ, ಏರೋ ಆಕಾರದ್ದೇ. ಹಾಗಾಗಿ ಮೊದಲು ಸೈಕಲ್ಲಿನ ಮ್ಯಾನ್ಯುಯಲ್ ತೆಗೆದು ನೋಡಿ. ಪೋಸ್ಟನ್ನೂ ಹಿಡಿಸಬೇಡಿ ಅಂತ ಇದ್ದರೆ ಅಲ್ಲಿಗೆ ಮುಗಿಯಿತು, ಬೇಡ. ಅಡ್ಡಿಯಿಲ್ಲ ಅಂದಿದ್ದರೆ ಹೀಗೆ ಮಾಡಿ. ಪೋಸ್ಟನ್ನೂ ಕ್ಲಾಂಪಿನ ರಬ್ಬರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ನಮ್ಮ ಕಡೆ ಕೆಂಪು ಧೂಳು ಎಲ್ಲಿ ಬೇಕಾದರೂ ಕೂತಿರುತ್ತದೆ, ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಮೇಲೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ. ಹಳೇ ಟ್ಯೂಬ್ ಸುತ್ತುವ ಅಭ್ಯಾಸ ನಮ್ಮಲ್ಲಿದೆ. ಟ್ಯೂಬ್ ಒಳ್ಳೆಯದೇ, ಆದರೆ ತೊಳೆದಿರಬೇಕು. ಕ್ಲಾಂಪಿನ ಬಾಯಿ ಪೋಸ್ಟಿನ ಅಗಲವಾದ ಎರಡು ಬದಿಗೆ ಪೂರ್ತಿ ತಾಗಬೇಕು, ಅಂಚಿಗೆ ಮಾತ್ರ ಅಲ್ಲ. ಒಂದು ಕೈಯಲ್ಲಿ ಸೈಕಲ್ ಹಿಡಿದುಕೊಂಡೇ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ. ಜಾರುವುದು ನಿಂತಿತೋ, ನಿಲ್ಲಿಸಿ. ಇನ್ನೊಂದು ಸುತ್ತು ಇರಲಿ ಅನ್ನಿಸುತ್ತದೆ. ಬೇಡ. ಲಿವರ್ ಒತ್ತುವ ಥರದ ಕ್ಲಾಂಪ್ ಆದರೆ ಮೊದಲು ಸ್ಕ್ರೂವನ್ನು ಸಡಿಲ ಮಾಡಿಟ್ಟುಕೊಳ್ಳಿ. ಲಿವರ್ ಕೈಗೆ ಹಗುರ ಅನ್ನಿಸಿದರೂ ಒಳಗೆ ಅದರ ಹಿಡಿತ ದೊಡ್ಡದು.

ಹಿಡಿಯಲು ಜಾಗ ಸಾಲದೆ ಪೋಸ್ಟನ್ನು ಮೇಲೆತ್ತಬೇಕಾದರೆ ಮೊದಲು ಟೇಪ್ ಅಂಟಿಸಿ ಎತ್ತರ ಗುರುತು ಮಾಡಿ. ಕನಿಷ್ಠ ಇಷ್ಟು ಒಳಗಿರಬೇಕು ಅಂತ ಪೋಸ್ಟಿನ ಮೇಲೆ ಹಾಕಿರುವ ಗೆರೆ ದಾಟಬೇಡಿ. ಎಲೆಕ್ಟ್ರಾನಿಕ್ ಗೇರ್ ಇರುವ ಎಷ್ಟೋ ಸೈಕಲ್ಲುಗಳಲ್ಲಿ ಬ್ಯಾಟರಿ ಪೋಸ್ಟ್ ಒಳಗೇ ಇರುತ್ತದೆ. ಪೂರ್ತಿ ಎಳೆದರೆ ವೈರ್ ಕಿತ್ತು ಬರುತ್ತದೆ. ಮತ್ತೆ ಬಿಗಿಯುವಾಗ ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ಕೀ ಬೇಕೇ ಬೇಕು. ಬೋಲ್ಟಿನ ಪಕ್ಕದಲ್ಲೇ ಅಂಕಿ ಬರೆದಿರುತ್ತಾರೆ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಗ್ರೀಸ್ ಹಚ್ಚಬೇಡಿ. ಕಾರ್ಬನ್ನಿಗೆಂದೇ ಬರುವ ಮರಳು ಮರಳಾದ ಪೇಸ್ಟ್ ಇದೆ, ಅದನ್ನು ಹಚ್ಚಿ. ಕಡಿಮೆ ಬಿಗಿದರೂ ಜಾರುವುದಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಸೈಕಲ್ಲನ್ನು ಪೋಸ್ಟಿನಿಂದ ಹಿಡಿದಾಗ ಇಡೀ ಫ್ರೇಮ್ ನೇತಾಡುವುದು ಆ ಸೀಟ್ ಬೋಲ್ಟಿನ ಮೇಲೆ. ನಾನು ಕ್ಲಾಂಪ್ ಸ್ಟ್ಯಾಂಡ್ ತಂದ ಹೊಸದರಲ್ಲಿ ಒಬ್ಬರು “ಸೀಟ್ ಒಂಚೂರು ಇಳಿಸಿಬಿಡಿ” ಅಂದರು. ಸೈಕಲ್ ಸ್ಟ್ಯಾಂಡಿನಲ್ಲೇ ಇತ್ತು. ಕೈ ತಾನಾಗಿ ಅಲೆನ್ ಕೀ ತೆಗೆದುಕೊಂಡು ಬೋಲ್ಟ್ ಸಡಿಲ ಮಾಡಿತು. ಪೋಸ್ಟ್ ಕ್ಲಾಂಪಿನಲ್ಲೇ ಉಳಿಯಿತು, ಫ್ರೇಮ್ ಕೆಳಗೆ ಜಾರಿ ನೆಲಕ್ಕೆ ಬಿತ್ತು. ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರ್ ನೇತಾಡುವ ಸಣ್ಣ ಕೊಂಡಿ, ಬಗ್ಗಿತು. ಹೊಸ ಹ್ಯಾಂಗರ್ ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಫ್ರೇಮಿಗೆ ಏನೂ ಆಗಲಿಲ್ಲ ಅನ್ನುವುದು ದೊಡ್ಡ ಸಮಾಧಾನ. ಅವತ್ತಿನಿಂದ ಸೀಟಿನ ಕೆಲಸ ಏನಿದ್ದರೂ ಸೈಕಲ್ ನೆಲದ ಮೇಲಿರುವಾಗಲೇ.

ಪೆಡಲ್ ಬಿಚ್ಚುವುದೂ ನೆಲದ ಮೇಲೇ. ಬಾಟಂ ಬ್ರಾಕೆಟ್ ಕೀಳುವುದಂತೂ ಪೋಸ್ಟ್ ಹಿಡಿಸಿಕೊಂಡು ಮಾಡುವ ಕೆಲಸವೇ ಅಲ್ಲ. ಉದ್ದ ಸ್ಪಾನರಿಗೆ ಮೈಭಾರ ಹಾಕಿದರೆ ಆ ತಿರುಚು ಪೂರ್ತಿ ಪೋಸ್ಟಿನ ಮೇಲೆ ಬೀಳುತ್ತದೆ. ಕ್ಲಾಂಪ್ ಸ್ಟ್ಯಾಂಡ್ ಹಗುರ ಕೆಲಸಕ್ಕೆ ಮಾತ್ರ: ತೊಳೆಯುವುದು, ಚೈನ್ ಉಜ್ಜುವುದು, ಗೇರ್ ಕೂರಿಸುವುದು.

ಪೋಸ್ಟ್ ಹಿಡಿಸಿದಾಗ ಮುಂಚಕ್ರ ಸುಮ್ನೆ ಇರುವುದಿಲ್ಲ, ಅತ್ತಿತ್ತ ಹೊರಳುತ್ತದೆ. ಹ್ಯಾಂಡಲ್ ತುದಿ ಬಾರಿಗೆ ಬಡಿಯಬಹುದು. ಬಾರಿನ ತೆಳು ಜಾಗಕ್ಕೆ ಅದೂ ಒಂದು ಪೆಟ್ಟೇ. ಚಕ್ರವನ್ನು ನೇರವಾಗಿಟ್ಟು ವೆಲ್ಕ್ರೋ ಪಟ್ಟಿಯಿಂದ ಕೆಳಗಿನ ಕೊಳವೆಗೆ ಸಡಿಲವಾಗಿ ಕಟ್ಟಿ, ನಡುವೆ ಬಟ್ಟೆ ಇಡಿ.

ತಲೆಕೆಳಗು ಮಾಡಿ ನಿಲ್ಲಿಸಬಹುದಲ್ವಾ ಅಂತ ಕೇಳುತ್ತಾರೆ. ಪಂಕ್ಚರ್ ಆದಾಗ ದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಸರಿ. ಮನೆಯಲ್ಲಿ ಬೇಡ. ಬ್ರೇಕ್ ಲಿವರಿನ ಮೇಲೆ ಕೈಯಿಡುವ ರಬ್ಬರ್ ಹುಡ್ ಸವೆಯುತ್ತದೆ, ಹ್ಯಾಂಡಲ್ ಮುಂದಿನ ಮೀಟರ್ ಹಿಡಿ ಮುರಿಯುತ್ತದೆ, ಹೈಡ್ರಾಲಿಕ್ ಬ್ರೇಕಿನಲ್ಲಿ ಮೇಲಿದ್ದ ಗಾಳಿಗುಳ್ಳೆ ಪೈಪಿಗೆ ಇಳಿದು ಬ್ರೇಕ್ ಮೆತ್ತಗಾಗಬಹುದು. ಯಾವ ಸ್ಟ್ಯಾಂಡೂ ಇಲ್ಲದವರಿಗೆ ನಾನು ಹೇಳುವುದು ಅಪ್ಪನ ಹಗ್ಗದ ದಾರಿಯನ್ನೇ. ಅಗಲವಾದ ಮೆತ್ತನೆ ಪಟ್ಟಿ ತೆಗೆದುಕೊಂಡು ಒಂದನ್ನು ಸೀಟಿನ ಮೂತಿಯ ಕೆಳಗೆ, ಇನ್ನೊಂದನ್ನು ಹ್ಯಾಂಡಲ್ ನಡುವೆ, ಅದನ್ನು ಹಿಡಿಯುವ ಸ್ಟೆಮ್ ಹತ್ತಿರ ಹಾಕಿ. ಕೇಬಲ್ಲಿಗೂ ಬ್ರೇಕ್ ಲಿವರಿಗೂ ಸಿಕ್ಕಿಸಬೇಡಿ. ಏಳೆಂಟು ಕೆಜಿ ಸೈಕಲ್ ಹಗುರವಾಗಿ ತೂಗುತ್ತದೆ. ಚೈನ್ ತೊಳೆಯಲು, ಗೇರ್ ನೋಡಲು ಧಾರಾಳ ಸಾಕು.

ಅಂಗಳದಲ್ಲಿ ಸ್ಟ್ಯಾಂಡ್ ಹಾಕುವವರು ಗಾಳಿಯನ್ನೂ ನೋಡಿಕೊಳ್ಳಿ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿಗೆ ಎತ್ತರದ ರಿಮ್ ಇರುವ ಚಕ್ರ ಹಾಯಿಯ ಹಾಗೆ ಎಳೆಯುತ್ತದೆ. ಗೋಡೆ ಮರೆಗೆ ಬನ್ನಿ, ಸ್ಟ್ಯಾಂಡಿನ ಕಾಲಿನ ಮೇಲೆ ಮರಳು ತುಂಬಿದ ಚೀಲ ಇಡಿ.

ಇಳಿಸುವಾಗ ಒಂದು ಕೈ ಸೀಟಿನ ಮೇಲಿರಲಿ, ಆಮೇಲೆ ಕ್ಲಾಂಪ್ ಬಿಡಿ. ಬ್ರೇಕಿನ ಬಿಲ್ಲೆ ತೆಗೆದು ಚಕ್ರ ಕೂರಿಸಿ, ಆಕ್ಸಲ್ ಮೇಲೆ ಬರೆದಿರುವ ಅಂಕಿಗೆ ಬಿಗಿಯಿರಿ. ಬ್ರೇಕ್ ಲಿವರನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಯಿತೇ ನೋಡಿ. ಸೀಟ್ ಎತ್ತರ ಟೇಪಿನ ಗುರುತಿಗೆ ಬಂದಿದೆಯೇ ನೋಡಿ, ಟೇಪ್ ಕಿತ್ತುಹಾಕಿ.