ಮಳೆಯ ರಜೆಯಲ್ಲಿ ಮಕ್ಕಳಿಗೆ ಸಭೆಯ ಚರಿತ್ರೆ

ಮಳೆಯಿಂದಾಗಿ ಕೊಡಗಿನ ಶಾಲೆಗಳಿಗೆ ರಜೆ ಸಿಕ್ಕಾಗ, ಪ್ರೊಟೆಸ್ಟೆಂಟ್ ಸಭೆಯ (ಕ್ರೈಸ್ತ ಸಮುದಾಯದ) ಚರಿತ್ರೆಯನ್ನು ಮಕ್ಕಳಿಗೆ ಮುದ್ರಣದ ಮೂಲಕ ಕಲಿಸಬಹುದು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1517ರಲ್ಲಿ ಪಾಪಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿ ಬರೆದ 95 ವಾದಾಂಶಗಳು ಜರ್ಮನಿಯಲ್ಲೆಲ್ಲ ಬೇಗ ಹರಡಿದ್ದು ಅವು ಅಚ್ಚಾದದ್ದರಿಂದಲೇ. ಇದನ್ನು ತೋರಿಸಲು ಅರ್ಧ ಆಲೂಗಡ್ಡೆಯ ಮೇಲೆ ಒಂದು ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆದು, ಸುತ್ತಲಿನ ಭಾಗವನ್ನು ಹಿರಿಯರೇ ಕೊರೆದುಕೊಟ್ಟು, ಬೀಟ್‌ರೂಟ್ ರಸದಲ್ಲಿ ಅದ್ದಿ ಮಕ್ಕಳಿಂದಲೇ ಹಾಳೆಯ ಮೇಲೆ ಒತ್ತಿಸಿರಿ; ಮೊದಲಿಗೆ ‘ರ’ದಂಥ ಸರಳ ಅಕ್ಷರ ಸಾಕು. ಬಳಿಕ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಅಚ್ಚೊತ್ತುವ ವಿಧಾನದಲ್ಲಿ) ಹೊರತಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರೇ ಮುಂದೆ ನಮ್ಮ ಕೊಡಗಿಗೆ ಬಂದು ಆನಂದಪುರದ ಸಭೆಯನ್ನು ಕಟ್ಟಿದರೆಂದು ತಪ್ಪದೆ ತಿಳಿಸಿರಿ. ಜಿಡ್ಡಿಗೂ ನೀರಿಗೂ ಕೂಡಿಬರುವುದಿಲ್ಲ ಎಂಬುದೇ ಕಲ್ಲಚ್ಚಿನ ತತ್ವ: ಮೇಣದಬತ್ತಿಯಿಂದ ಹಾಳೆಯ ಮೇಲೆ ಬರೆದು ನೀರುಬಣ್ಣ ಬಳಿದರೆ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ. ತೀರ ಚಿಕ್ಕ ಮಕ್ಕಳಿಗೆ ಈ ಎರಡನೆಯದೇ ಸುಲಭವೆಂದು ನನ್ನ ಅಭಿಪ್ರಾಯ.